ಡೊಂಕಿಗೆ ಇಟ್ಟ ಎಡೆ

ಗುರುಪುರದಿಂದ ಕಾಡಿನ ಕಡೆ ಹೊರಳುವ ರಸ್ತೆಯಲ್ಲಿ ಮಾವಿನಕೊಪ್ಪಲು ಅಂತ ಒಂದು ಊರು. ಆ ಊರಿನ ಹರೆಯದವರನ್ನು ಯಾರನ್ನಾದರೂ ನಿಲ್ಲಿಸಿ, ಆನೆ ಅಂದರೆ ಆನೆ ಅಂತ ನಿನಗೆ ಮೊದಲು ಹೇಳಿಕೊಟ್ಟವರು ಯಾರು ಎಂದು ಕೇಳಿ ನೋಡಿ. ಅಪ್ಪನ ಹೆಸರೂ ಬರುವುದಿಲ್ಲ, ಅಮ್ಮನ ಹೆಸರೂ ಬರುವುದಿಲ್ಲ. ಸುನಂದಮ್ಮ ಟೀಚರಮ್ಮ ಎನ್ನುತ್ತಾರೆ.

ಅಂಗನವಾಡಿಯ ಗೋಡೆಗೆ ಪ್ರಾಣಿಗಳ ಪಟ ತೂಗುತ್ತಿತ್ತು. ಸುನಂದಮ್ಮ ಅದರ ಮೇಲೆ ಕೋಲಿಟ್ಟು "ಇದೇನು?" ಎನ್ನುವಳು. ಉತ್ತರವನ್ನೂ ತಾನೇ ಹೇಳುವಳು, "ಹುಲಿ." ಮಕ್ಕಳು ಸಿಂಬಳ ಒರೆಸಿಕೊಳ್ಳುತ್ತ ಒಕ್ಕೊರಲಿನಲ್ಲಿ "ಹುಲೀ" ಎಂದು ಸೂರು ಹಾರುವ ಹಾಗೆ ಕೂಗುವುವು. ಚೆನ್ನಾಗಿ ಕೂಗಿದರೆ ಅವಳ ಮುಖ ಅರಳುತ್ತಿತ್ತು. ಟೀಚರಮ್ಮ ಹೇಳಿದ್ದನ್ನು ಹಾಗೆಯೇ ಹೇಳಿದರೆ ಟೀಚರಮ್ಮನಿಗೆ ಖುಷಿಯಾಗುತ್ತದೆ ಎಂಬುದನ್ನು ಊರಿನ ಮಕ್ಕಳು ಅ ಆ ಇ ಈಗಿಂತ ಮೊದಲೇ ಕಲಿತಿದ್ದವು. ಆ ಪಾಠ ಎಷ್ಟು ಗಟ್ಟಿಯಾಗಿ ಕೂತಿತ್ತು ಅನ್ನುವುದು ಆಗ ಯಾರಿಗೂ ತಿಳಿಯಲಿಲ್ಲ.

ತಮಾಷೆಯೆಂದರೆ ಆ ಪಟದ ಪ್ರಾಣಿಗಳಲ್ಲಿ ಅರ್ಧವನ್ನು ಸುನಂದಮ್ಮನೇ ಕಂಡಿರಲಿಲ್ಲ. ಅವಳು ಚುಂಚನಕಟ್ಟೆಯ ಕಡೆಯವಳು. ಕಾವೇರಿಯ ನೀರು, ಭತ್ತದ ಗದ್ದೆ, ಕಬ್ಬಿನೊಳಗಿನ ನರಿ, ಮಡುವಿನಲ್ಲಿ ಒಮ್ಮೊಮ್ಮೆ ತಲೆಯೆತ್ತುವ ನೀರುನಾಯಿ, ಅಲ್ಲಿಗೆ ಮುಗಿಯಿತು ಅವಳ ಕಾಡು. ಹೊಗೆಸೊಪ್ಪು ಬೆಳೆಯುವ ಪುಟ್ಟಸ್ವಾಮಿಯನ್ನು ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಆನೆ ಘೀಳಿಟ್ಟದ್ದು ಕೇಳಿ, ಯಾರ ಮನೆಯದೋ ವಾಲಗ ಅಂದುಕೊಂಡಿದ್ದಳಂತೆ. ಪುಟ್ಟಸ್ವಾಮಿ ಈ ಕಥೆಯನ್ನು ಬಂದ ನೆಂಟರಿಗೆಲ್ಲ ಹೇಳಿ ನಗಿಸುತ್ತಿದ್ದ. ಕಾಡಿನಂಚಿನವರು ದಿನಾ ಬೆಳಗಾದರೆ ಹುಲಿಯ ಮುಖ ನೋಡುತ್ತಾರೆ ಅಂತ ಪೇಟೆಯವರು ತಿಳಿದಿರುತ್ತಾರೆ. ಇವರು ನೋಡುವುದು ದಾರಿಯಲ್ಲಿ ಬಿದ್ದ ಲದ್ದಿ, ಮುರಿದ ಮುಸುಕಿನ ಜೋಳ, ಕೊಟ್ಟಿಗೆಯಲ್ಲಿ ಕಡಿಮೆಯಾದ ಕರು. ಬಂದವನು ಬಂದು ಹೋಗಿರುತ್ತಾನೆ. ಹೀಗೆ ತಾನು ಕಾಣದ ಚಿರತೆಯನ್ನು ಚಿರತೆ ಅಂತ ಹೇಳಿಕೊಡುತ್ತಲೇ ಅವಳ ನೌಕರಿ ಮುಗಿದು ನಿವೃತ್ತಿಯೂ ಆಯಿತು. ಊರವರು ಶಾಲು ಹೊದಿಸಿ ಮನೆಗೆ ಕಳಿಸಿದರು.

ಮನೆಯಲ್ಲಿ ಅವಳ ಕೈಕಾಲು ನಿಲ್ಲಲಿಲ್ಲ. ಒಲೆ ಮುಂದೆ ಕೂತರೂ ಕಿವಿ ಅಂಗನವಾಡಿಯ ಕಡೆಗೇ. ಅಂಥ ಹೊತ್ತಿಗೆ ಮೈಸೂರಿನ ಒಂದು ಸಂಸ್ಥೆಯಿಂದ ಉಮಾಶಂಕರ ಅನ್ನುವವರು ಊರಿಗೆ ಬಂದರು. ಹೊಲದ ಬೇಲಿಗೆ, ಹಳ್ಳದ ಮಗ್ಗುಲಿಗೆ, ಕಾಡಿನ ದಾರಿಗೆ ಅವರ ಸಂಸ್ಥೆ ಪುಟ್ಟ ಪುಟ್ಟ ಕ್ಯಾಮೆರಾ ಕಟ್ಟಿತ್ತು. ಮುಂದೆ ಏನು ಅಲುಗಾಡಿದರೂ ಅದು ತಾನೇ ಫೋಟೋ ಹೊಡೆದುಕೊಳ್ಳುತ್ತದೆ. ಆನೆ ಬಂದರೂ ಹೊಡೆಯುತ್ತದೆ, ಗಾಳಿಗೆ ಲಂಟಾನದ ಟೊಂಗೆ ಅಲುಗಿದರೂ ಹೊಡೆಯುತ್ತದೆ. ರಾಶಿ ರಾಶಿ ಫೋಟೋ, ಬಹುಪಾಲು ರಾತ್ರಿಯವು, ಇದ್ದಿಲು ಬಳಿದಂಥ ಕಪ್ಪು. ಅದರೊಳಗೆ ಏನಿದೆ, ಏನಿಲ್ಲ ಅಂತ ನೋಡಿ ಹೇಳಲು ಮನುಷ್ಯರ ಕಣ್ಣು ಬೇಕಿತ್ತು.

"ಪುಕ್ಕಟೆ ಕೆಲಸಕ್ಕೆ ಈ ಊರಲ್ಲಿ ಯಾರು ಬಂದಾರು ಸಾರ್?" ಎಂದು ಪುಟ್ಟಸ್ವಾಮಿ ನಕ್ಕ.

"ನಾನು ಬತ್ತೀನಿ" ಎಂದಳು ಸುನಂದಮ್ಮ. ಅವಳು ಬಂದ ಮೇಲೆ ಅಂಗನವಾಡಿಯ ಅವಳ ಹಳೆಯ ಮಕ್ಕಳಿಬ್ಬರು ಬಾರದೆ ಇರುವುದುಂಟೇ? ಹಾಲಿನ ಡೈರಿಯ ಸೆಕ್ರೆಟರಿ ರಘು ಬಂದ. ಸೋದರಮಾವನನ್ನೇ ಮದುವೆಯಾಗಿ ಇದೇ ಊರಿನಲ್ಲಿ ಉಳಿದು ಬಟ್ಟೆ ಹೊಲಿಯುತ್ತಿದ್ದ ವಾಣಿಶ್ರೀ ಬಂದಳು. ಕಪ್ಪು ಫೋಟೋ ನೋಡಲು ಹಗಲಿನಲ್ಲೂ ಕತ್ತಲೆಯ ಕೋಣೆ ಬೇಕು. ಪುಟ್ಟಸ್ವಾಮಿಯ ಹಳೆಯ ಬ್ಯಾರನ್ ಇತ್ತು. ಹೊಗೆಸೊಪ್ಪು ಬೇಯಿಸುವ ದಪ್ಪ ಗೋಡೆಯ ಎತ್ತರದ ಕೋಣೆ ಅದು. ಹೊಸದು ಕಟ್ಟಿದ ಮೇಲೆ ಹಳೆಯದು ಖಾಲಿ ಬಿದ್ದಿತ್ತು. ಬಾಗಿಲು ಹಾಕಿದರೆ ಮಟಮಟ ಮಧ್ಯಾಹ್ನವೂ ಕಗ್ಗತ್ತಲು, ಗೋಡೆಗೆಲ್ಲ ಸೊಪ್ಪಿನ ಘಾಟು. ಅಲ್ಲಿ ಒಂದು ಮೇಜು, ಒಂದು ಲ್ಯಾಪ್‌ಟಾಪು, ಮೂರು ಸ್ಟೂಲು.

ಉಮಾಶಂಕರ ನಿಯಮ ಹೇಳಿಯೇ ಹೋಗಿದ್ದರು. ಒಂದೊಂದು ಫೋಟೋವನ್ನೂ ಮೂವರು ಬೇರೆ ಬೇರೆಯಾಗಿ ನೋಡಬೇಕು, ಒಬ್ಬರ ಉತ್ತರ ಇನ್ನೊಬ್ಬರಿಗೆ ಕೇಳಿಸಬಾರದು. ಮೂವರೂ ಒಂದೇ ಹೇಳಿದರೆ ಅದೇ ಖಾಯಂ. ಮೂವರೂ 'ಏನೂ ಇಲ್ಲ' ಅಂದರೆ ಆ ಫೋಟೋ ಖಾಲಿ ಫೋಟೋಗಳ ರಾಶಿಗೆ ಹೋಗುತ್ತದೆ, ಮತ್ತೆ ಅದನ್ನು ಯಾರೂ ತೆರೆಯುವುದಿಲ್ಲ.

ಎಷ್ಟು ಒಳ್ಳೆಯ ನಿಯಮ! ಆದರೆ ಟೀಚರಮ್ಮನನ್ನು ಹೊರಗೆ ಬಿಸಿಲಿಗೆ ನಿಲ್ಲಿಸಿ ಒಳಗೆ ಕೂತು ಉತ್ತರ ಒತ್ತುವಷ್ಟು ಎದೆ ರಘುವಿಗೂ ಇರಲಿಲ್ಲ, ವಾಣಿಶ್ರೀಗೂ ಇರಲಿಲ್ಲ. ಮೂವರೂ ಒಟ್ಟಿಗೆ ಕೂತರು. ಫೋಟೋ ಬರುವುದು, ಟೀಚರಮ್ಮ "ಕಡವೆ" ಎನ್ನುವುದು, ಇವರಿಬ್ಬರೂ "ಕಡವೆ" ಎನ್ನುವುದು, ರಘು ಮೂವರ ಹೆಸರಿನಲ್ಲೂ ಒತ್ತುವುದು. ಅಂಗನವಾಡಿಯೇ ಬ್ಯಾರನ್ನಿಗೆ ಬಂದು ಕೂತಿತ್ತು. ಅವಳ ಕಣ್ಣು ಚುರುಕಾಗಿದ್ದಷ್ಟು ದಿನ ಇದರಿಂದ ಯಾರಿಗೂ ನಷ್ಟವಾಗಲಿಲ್ಲ. "ಮೊದ್ಲು ಕಣ್ಣು ಹುಡುಕ್ರೋ. ಕತ್ತಲಲ್ಲಿ ಎಂಥ ಪ್ರಾಣಿ ಆದ್ರೂ ಕಣ್ಣಿನ ಹೊಳಪು ಮುಚ್ಚಿಡಾಕಾಯ್ತದಾ?" ಎನ್ನುವಳು. ಮೇಯಲು ಬಗ್ಗಿದ ಕಾಟಿಯ ಬೆನ್ನು, ಮುಳ್ಳುಹಂದಿಯ ಹಿಂಭಾಗ, ಪುನುಗು ಬೆಕ್ಕಿನ ಬಾಲದ ತುದಿ, ಏನೂ ಅವಳಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಹುಣಸೆಹಳ್ಳದ ಕ್ಯಾಮೆರಾದಲ್ಲಿ ಮೊದಲ ಸಲ ಚಿರತೆ ಕಂಡ ದಿನ ಅವಳು ಸ್ಟೂಲು ಬಿಟ್ಟು ಎದ್ದೇ ನಿಂತಳು. ಹೆಣ್ಣು ಚಿರತೆ. ಬಾಲ ಎಲ್ಲೋ ಮುರಿದು ಕೂಡಿಕೊಂಡದ್ದು, ತುದಿಗೆ ಬರುವ ಹೊತ್ತಿಗೆ ಕುಡುಗೋಲಿನ ಹಾಗೆ ಮಡಿಸಿಕೊಂಡಿತ್ತು. ಕ್ಯಾಮೆರಾ ಇರುವುದು ಗೊತ್ತು ಅನ್ನುವ ಹಾಗೆ ನೆಟ್ಟಗೆ ನೋಡುತ್ತಿತ್ತು. "ಇಷ್ಟು ವರ್ಷ ನಿನ್ನ ಹೆಸ್ರು ಹೇಳ್ಕೊಟ್ಟು ಅನ್ನ ತಿಂದೆ ಕಣವ್ವ. ಈಗ ಮುಖ ತೋರ್ಸುದ್ಯಲ್ಲ" ಎಂದು ಸುನಂದಮ್ಮ ಆ ಗಾಜಿನ ಪರದೆಗೆ ಕೈಮುಗಿದಳು. ಕಣ್ಣಲ್ಲಿ ನೀರಿತ್ತು. ಅದಕ್ಕೆ ಡೊಂಕಿ ಎಂದು ಹೆಸರಿಟ್ಟಳು. ಆಮೇಲೆ ಉಮಾಶಂಕರ ಹೊಸ ಫೋಟೋ ತಂದಾಗಲೆಲ್ಲ ಅವಳು ಮೊದಲು ಕೇಳುತ್ತಿದ್ದದ್ದು ಡೊಂಕಿಯನ್ನೇ. ತವರಿನಿಂದ ಬಂದವರನ್ನು ಅಮ್ಮ ಹೇಗಿದ್ದಾಳೆ ಎಂದು ಕೇಳುವ ಹಾಗೆ ಕೇಳುವಳು. ಮನೆಯಲ್ಲೂ ಅದೇ ಮಾತು. "ನಾಯಿ ಬಾಲದ ಡೊಂಕು ಕೇಳಿದ್ದೆ, ಈ ಡೊಂಕು ಬಾಲದ ಪುರಾಣ ಮುಗಿಯಾಂಗೇ ಕಾಣ್ನಿಲ್ಲ" ಎಂದು ಪುಟ್ಟಸ್ವಾಮಿ ಗೊಣಗುತ್ತಿದ್ದ.

ಎರಡು ಮಳೆಗಾಲ ಹೀಗೇ ಕಳೆಯಿತು. ಆಮೇಲಿನ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಹುಣಸೆಹಳ್ಳದ ಫೋಟೋ ಬಂತು. ಸುನಂದಮ್ಮ ನೋಡಿದಳು. "ಏನೂ ಇಲ್ಲ" ಎಂದಳು.

ಫೋಟೋದ ಎಡ ಅಂಚಿನಲ್ಲಿ ಡೊಂಕಿ ಇತ್ತು. ಅರ್ಧ ಮೈ, ಒಂದು ಕಣ್ಣು. ರಘುವಿಗೆ ಕಂಡಿತು. ವಾಣಿಶ್ರೀಗೂ ಕಂಡಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೀಚರಮ್ಮನ ಬಾಯಲ್ಲಿ ತಪ್ಪು ಬಂದದ್ದನ್ನು ಅವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆಯಾಸವಾಗಿರಬೇಕು ಅಂದುಕೊಂಡರು.

"ಏನೂ ಇಲ್ಲ" ಎಂದ ರಘು.

"ಏನೂ ಇಲ್ಲ ಟೀಚರಮ್ಮ" ಎಂದಳು ವಾಣಿಶ್ರೀ.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಸುನಂದಮ್ಮನ ಕಣ್ಣು ಹೋಗುತ್ತಿತ್ತು. ನೋವಿಲ್ಲ, ಉರಿಯಿಲ್ಲ, ಕೆಂಪಿಲ್ಲ. ಅಂಚಿನಿಂದ ಒಳಕ್ಕೆ, ಮಸುಕಾದದ್ದು ಮೊದಲು, ಸದ್ದಿಲ್ಲದೆ ಹೋಗುತ್ತಿತ್ತು. ಹಗಲಿನ ಬಿಸಿಲಿನಲ್ಲಿ ಎದುರಿಗೆ ನಿಂತವರ ಮುಖ ಕಾಣುತ್ತಿದ್ದರಿಂದ ಕಣ್ಣಿನ ಮೇಲೆ ಅವಳಿಗೆ ಸಂಶಯವೇ ಬರಲಿಲ್ಲ. ಹೊಸ್ತಿಲು ಎಡವಿದರೆ ಕಾಲಿಗೆ ಬೈದುಕೊಂಡಳು. ಕಾಫಿ ಲೋಟದ ಆಚೆಗೆ ಸುರಿದರೆ ಕೈಗೆ ಬೈದುಕೊಂಡಳು. ರಂಗೋಲಿಯ ಎಳೆ ಚುಕ್ಕಿ ಬಿಟ್ಟು ಹೋದದ್ದು ಅವಳಿಗೆ ಕಾಣಲೇ ಇಲ್ಲ. ಬೆಳಗ್ಗೆ ಹಾಲು ಹಾಕಲು ಹೋಗುವಾಗ ವಾಣಿಶ್ರೀ ಅದನ್ನು ಕಾಲಿನಿಂದ ಮೆಲ್ಲಗೆ ಅಳಿಸಿ, ಬಗ್ಗಿ ಸರಿಮಾಡಿ ಹೋಗುತ್ತಿದ್ದಳು. ಎಂಥ ಪ್ರೀತಿ ನೋಡಿ. ರಂಗೋಲಿ ತಿದ್ದುವಷ್ಟು ಪ್ರೀತಿ ಇತ್ತು, ಬಾಯಿ ಬಿಟ್ಟು ಒಂದು ಮಾತು ಹೇಳುವಷ್ಟು ಇರಲಿಲ್ಲ.

ಅವರಿಬ್ಬರೂ ಮಾತಾಡಿಕೊಳ್ಳಲಿಲ್ಲ ಅಂತಲ್ಲ. ಬ್ಯಾರನ್ನಿನ ಹಿಂದೆ ಸೌದೆ ರಾಶಿಯ ಬಳಿ ಎಷ್ಟೋ ಸಲ ಮಾತಾಡಿಕೊಂಡರು.

"ನೀನು ಯೋಳ್ಲಾ ರಘು."

"ನಾನ್ಯಾಕೆ ಯೋಳ್ಲಿ? ನೀನು ಎಣ್ಣೆಂಗ್ಸು, ನೀನು ಯೋಳು. ನಿಮ್ಗೆ ಕಣ್ಣು ಕಾಣ್ನಿಲ್ಲ ಟೀಚರಮ್ಮ ಅಂದ್ರೆ ಇನ್ನು ಬ್ಯಾರನ್ ಕಡೆ ತಲೆ ಹಾಕಕಿಲ್ಲ ಅವ್ರು. ಅವ್ರಿಗೆ ಇನ್ನೇನದೆ ಯೋಳು, ಈ ಫೋಟ ಬುಟ್ರೆ?"

"ಪೊರೆ ಬಂದಿರ್ಬೇಕು ಕಣೋ. ವಯಸ್ಸಾದೋರ್ಗೆಲ್ಲ ಬತ್ತದೆ. ಆಪ್ರೇಸನ್ ಮಾಡುದ್ರೆ ಓಯ್ತದೆ."

"ಮತ್ತೆ! ಪುಟ್ಸಾಮಣ್ಣ ಕರ್ಕೊಂಡೋಯ್ತಾರೆ ಬುಡು."

ಪುಟ್ಟಸ್ವಾಮಿಗೂ ಗೊತ್ತಿತ್ತು. ಸಾರಿನಲ್ಲಿ ಕಲ್ಲು ಸಿಕ್ಕಾಗ ಗೊತ್ತಾಗಿತ್ತು, ಹಸುವಿನ ಕೊಂಬು ತಾಗಿ ಅವಳ ಮೊಣಕೈ ತರಚಿದಾಗ ಗೊತ್ತಾಗಿತ್ತು. ಮಳೆ ಬೀಳಲಿ, ನಾಟಿ ಮುಗಿಯಲಿ ಅಂದ. ನಾಟಿ ಮುಗಿದ ಮೇಲೆ, ಸೊಪ್ಪು ಬೇಯಲಿ ಅಂದ. ಹೊಸ ಬ್ಯಾರನ್ನಿಗೆ ಬೆಂಕಿ ಹಾಕಿದ ಮೇಲೆ ಮನುಷ್ಯ ಅಲ್ಲಾಡುವ ಹಾಗಿಲ್ಲ, ಅದೂ ನಿಜವೇ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಗಾದೆ. ಇಲ್ಲಿ ಮೂರು ಜನರ ಕೈಯಲ್ಲೂ ಗಂಟೆ ಇತ್ತು, ಮೂವರೂ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡು ಓಡಾಡುತ್ತಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಅಂದವನು ಸಿಕ್ಕಿದ್ದರೆ ಮಾವಿನಕೊಪ್ಪಲಿಗೆ ಕರೆದು ತರಬೇಕಿತ್ತು.

ಇತ್ತ ಸುನಂದಮ್ಮನ ಮನಸ್ಸಿನಲ್ಲಿ ಬೇರೆಯದೇ ನಡೆದಿತ್ತು. ಅವಳ ಪಾಲಿಗೆ ಬರಿದಾಗುತ್ತಿದ್ದದ್ದು ಕಣ್ಣಲ್ಲ, ಕಾಡು. ಮೊದಲು ಮುಳ್ಳುಹಂದಿ ಬರುವುದು ನಿಂತಿತು. ಆಮೇಲೆ ಪುನುಗು ಬೆಕ್ಕು. ಆಮೇಲೆ ಕಡವೆಗಳೂ ಅಪರೂಪವಾದವು. ಆನೆ ಮಾತ್ರ ಇನ್ನೂ ಕಾಣುತ್ತಿತ್ತು, ಅಷ್ಟು ದೊಡ್ಡದನ್ನು ಯಾವ ಕಣ್ಣು ತಪ್ಪಿಸೀತು? ಫೋಟೋದ ಮೇಲೆ ಫೋಟೋ ಕಪ್ಪಗೆ ಬಂದು ಕಪ್ಪಗೆ ಹೋಗುತ್ತಿತ್ತು. ಅವಳು ಕಷ್ಟಪಟ್ಟು ನೋಡುವಳು, ಮೂಗು ಗಾಜಿಗೆ ತಾಗುವಷ್ಟು ಬಗ್ಗುವಳು, ಕೊನೆಗೆ ಉಸಿರು ಬಿಟ್ಟು "ಏನೂ ಇಲ್ಲ ಕಣ್ರೋ" ಎನ್ನುವಳು. "ಇಲ್ಲ ಟೀಚರಮ್ಮ" ಎಂದು ಹಿಂದಿನಿಂದ ಎರಡು ದನಿ ಬರುವುವು.

"ನಿಮ್ಗೂ ಏನೂ ಕಾಣ್ತಿಲ್ವಾ?" ಎಂದು ಒಮ್ಮೆ ತಿರುಗಿ ಕೇಳಿಯೂ ಕೇಳಿದಳು. ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ತೆರೆಯುವುದುಂಟೇ?

"ಇಲ್ಲ ಟೀಚರಮ್ಮ" ಎಂದರು ಇಬ್ಬರೂ.

ಮನೆಗೆ ಬಂದು ಅವಳು ಗಂಡನ ಮೇಲೆ ಹರಿಹಾಯ್ದಳು. "ಕಾಡೆಲ್ಲ ನಿಮ್ಮ ಬ್ಯಾರನ್ ಹೊಟ್ಟೆಗೆ ಹೋಯ್ತು. ಸೌದೆ ಸೌದೆ ಅಂತ ಒಂದು ಮರ ಉಳೀಲಿಲ್ಲ. ಪ್ರಾಣಿಗಳು ಎಲ್ಲಿರ್ತವೆ? ಒಂದೂ ಇಲ್ಲ, ಒಂದೂ ಇಲ್ಲ!" ಪುಟ್ಟಸ್ವಾಮಿ ಬೈಗುಳವನ್ನೆಲ್ಲ ತಲೆಬಗ್ಗಿಸಿ ಕೇಳಿಸಿಕೊಂಡ. ಉತ್ತರ ಕೊಡಲು ಹೋದರೆ ಕಣ್ಣಿನ ಮಾತು ಎತ್ತಬೇಕಾಗುತ್ತಿತ್ತು. ಆ ಮಳೆಗಾಲದಲ್ಲಿ ಅವಳು ಸರಿಯಾಗಿ ಉಣ್ಣಲಿಲ್ಲ, ಯಾರ ಮನೆಯ ಜಗಲಿಗೂ ಹೋಗಿ ಕೂರಲಿಲ್ಲ. ಮುಪ್ಪಿನಲ್ಲಿ ಸಿಕ್ಕಿದ ಭಾಗ್ಯ ಕಣ್ಣೆದುರೇ ಕರಗಿತು ಎಂದು ಒಳಗೊಳಗೇ ಕುದಿಯುತ್ತಿದ್ದಳು.

ಗೌರಿಹಬ್ಬದ ಮುಂಚೆ ಉಮಾಶಂಕರ ಬಂದು ಒಂದು ಮಾತು ಹೇಳಿದರು. "ಹುಣಸೆಹಳ್ಳದ ಕ್ಯಾಮೆರಾ ತೆಗೆದು ಬೇರೆ ಕಡೆ ಕಟ್ತಾ ಇದ್ದೀವಿ ಅಮ್ಮ. ತಿಂಗಳುಗಟ್ಟಲೆ ಅಲ್ಲಿ ಏನೂ ಬಂದಿಲ್ಲ ಅಂತ ನೀವು ಮೂವರೂ ಹಾಕಿದ್ದೀರಿ."

"ಡೊಂಕಿ?" ಎಂದಳು ಸುನಂದಮ್ಮ.

"ಚಿರತೆ ಹಾಗೆ ಜಾಗ ಬಿಟ್ಟು ಹೋಗೋದು ಕಡಿಮೆ. ಉರುಳಿಗೆ ಬಿತ್ತೋ ಏನೋ. ಹೇಳಕ್ಕಾಗಲ್ಲ."

ವಾಣಿಶ್ರೀ ನೆಲ ನೋಡಿದಳು. ರಘುವಿಗೆ ಡೈರಿಯ ಕೆಲಸ ನೆನಪಾಗಿ ಎದ್ದು ಹೋದ. ಸುನಂದಮ್ಮ ಮನೆಗೆ ಬಂದು ಸೆರಗು ಬಾಯಿಗೆ ತುಂಬಿಕೊಂಡು ಅತ್ತಳು. ಹೆತ್ತ ಮಗಳು ಸತ್ತರೆ ಅಳುವಂಥ ಅಳು ಅದು. ಇದನ್ನು ಕೇಳಿ ನಗುವವರು ನಗಲಿ, ಅವಳಿಗೆ ಮಕ್ಕಳಿರಲಿಲ್ಲ.

ಹಿರಿಯರ ಹಬ್ಬ ಬಂತು. ಆ ಹಬ್ಬದಲ್ಲಿ ಸತ್ತವರಿಗೆ ಎಡೆ ಇಡುತ್ತಾರೆ. ಅವರವರಿಗೆ ಬದುಕಿದ್ದಾಗ ಏನೇನು ಇಷ್ಟವಿತ್ತೋ ಅದನ್ನೆಲ್ಲ ಎಲೆಯ ಮೇಲೆ ಬಡಿಸಿ, ದೀಪ ಹಚ್ಚಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕಿಕೊಂಡು ಸುಮ್ಮನೆ ಕಾಯಬೇಕು. ಹಿರಿಯರು ಬಂದು ಉಂಡು ಹೋಗುವವರೆಗೆ ಬಾಗಿಲು ತೆಗೆಯುವ ಹಾಗಿಲ್ಲ. ಸುನಂದಮ್ಮ ಮಾವನ ಎಲೆಯ ಪಕ್ಕ ಬೀಡಿ ಕಟ್ಟು ಇಟ್ಟಳು, ಅತ್ತೆಯ ಎಲೆಯ ಪಕ್ಕ ಎಲೆಯಡಿಕೆ ಕಡ್ಡಿಪುಡಿ. ಆಮೇಲೆ ಕೊನೆಗೆ ಗೋಡೆಯ ಮಗ್ಗುಲಿಗೆ ಇನ್ನೊಂದು ಚಿಕ್ಕ ಎಲೆ ಹಾಕಿದಳು.

"ಇದ್ಯಾರ್ಗಮ್ಮಿ?" ಎಂದ ಪುಟ್ಟಸ್ವಾಮಿ.

"ಡೊಂಕಿಗೆ."

"ಅದ್ಕೆ ಇಷ್ಟ ಇದ್ದುದ್ದು ನಮ್ಮೂರ್ ನಾಯಿ ಕಣಮ್ಮಿ. ನಾಯಿ ಸಾರು ಮಾಡಿದ್ಯಾ?" ಎಂದು ನಗಿಸಲು ನೋಡಿದ. ಅವಳು ನಗಲಿಲ್ಲ. ನಾಟಿಕೋಳಿ ಸಾರು, ಮುದ್ದೆ, ಕಜ್ಜಾಯ ಬಡಿಸಿದಳು. "ಅದ್ರ ಕಡೆಯೋರು ಅಂತ ಯಾರವ್ರೆ? ನಾವೇ ಇಡ್ಬೇಕು" ಎಂದಳು. ಎಡೆಯ ಊಟಕ್ಕೆ ವಾಣಿಶ್ರೀಯನ್ನೂ ರಘುವನ್ನೂ ಕರೆದಿದ್ದಳು. ಅವರೂ ಬಂದು ಒಳಗೆ ಇಣುಕಿ ಕೈಮುಗಿದರು. ಚಿಕ್ಕ ಎಲೆ ಯಾರದು ಅಂತ ಅವಳೇ ಹೇಳಿದಳು. ಬಾಗಿಲು ಮುಚ್ಚಿ ಎಲ್ಲರೂ ಜಗಲಿಯ ಮೇಲೆ ನಿಂತರು.

ವಾಣಿಶ್ರೀ ಮುಚ್ಚಿದ ಬಾಗಿಲಿನಿಂದ ಕಣ್ಣು ಕೀಳಲಿಲ್ಲ. ಬದುಕಿರುವವರಿಗೆ ಎಡೆ ಇಟ್ಟರೆ ಅವರ ಆಯುಸ್ಸಿಗೆ ಕುತ್ತು ಅಂತ ಅವಳ ಅಜ್ಜಿ ಹೇಳುತ್ತಿದ್ದಳು. ಕಳೆದ ಸಲ ಬಂದ ಫೋಟೋಗಳಲ್ಲೇ ಡೊಂಕಿಯನ್ನು ಅವಳು ಕಣ್ಣಾರೆ ಕಂಡಿದ್ದಳು, ಟೀಚರಮ್ಮನ ಹೆಗಲ ಹಿಂದಿನಿಂದ. ಒಂದಲ್ಲ, ಪಕ್ಕದಲ್ಲಿ ಇನ್ನೊಂದು ಪುಟ್ಟ ಜೀವವೂ ಇತ್ತು. ಇಷ್ಟು ದಿನ ಟೀಚರಮ್ಮನ ಮೇಲಿನ ಮರ್ಯಾದೆ ಅವಳ ಬಾಯಿ ಕಟ್ಟಿತ್ತು. ಈಗ ಮುಚ್ಚಿದ ಬಾಗಿಲಿನ ಆಚೆ ಬಾಣಂತಿಗೆ ಪಿಂಡ ಇಟ್ಟ ಹಾಗಾಗಿತ್ತು.

"ಬಾಗ್ಲು ತೆಗೀರಿ ಟೀಚರಮ್ಮ" ಎಂದಳು.

"ಸುಮ್ನಿರು, ಹಿರೀಕ್ರು ಉಣ್ತಾವ್ರೆ" ಎಂದು ಪುಟ್ಟಸ್ವಾಮಿ ಗದರಿದ.

"ತೆಗೀರಿ! ಆ ಎಲೆ ಎತ್ಬುಡಿ! ಅದು ಸತ್ತಿಲ್ಲ ಕಣ್ರೀ ಟೀಚರಮ್ಮ, ಬದ್ಕೇ ಅದೆ, ಮರೀನೂ ಆಕದೆ!"

"ನಿಂಗೆ ಹೆಂಗೆ ಗೊತ್ತು?"

"ನೋಡಿದೀನಿ. ಫೋಟದಲ್ಲಿ."

"ಯಾವ ಫೋಟ? ನಾನು ನೋಡದೆ ಇರೋ ಫೋಟ ಯಾವ್ದು?"

ವಾಣಿಶ್ರೀ ಅಳುತ್ತ ರಘುವಿನ ಕಡೆ ನೋಡಿದಳು. ಅವನು ಕಂಬ ಹಿಡಿದುಕೊಂಡು ನಿಂತಿದ್ದ. "ನೀವೂ ನೋಡಿದ್ರಿ ಟೀಚರಮ್ಮ" ಎಂದ. "ನಿಮ್ ಮುಂದ್ಗಡೆನೇ ಓಯ್ತು. ನಿಮ್ಗೆ ಕಾಣ್ನಿಲ್ಲ."

ಸುನಂದಮ್ಮ ಒಬ್ಬೊಬ್ಬರ ಕಡೆಗೂ ಮುಖ ತಿರುಗಿಸಿದಳು. ಗಂಡನ ಕಡೆ ತಿರುಗಿದಾಗ ಅವನು "ಸೊಪ್ಪು ಬೇಯ್ಲಿ ಅಂತಿದ್ದೆ ಕಣಮ್ಮಿ" ಎಂದ. ಅಷ್ಟು ಸಾಕಾಯಿತು. ಅವಳು ತಾನೇ ಬಾಗಿಲು ತಳ್ಳಿ ಒಳಗೆ ಹೋದಳು. ಒಳಗೆ ದೀಪದ ಬೆಳಕು ಮಾತ್ರ. ಬಗ್ಗಿ ಕೈಯಾಡಿಸಿ ಒಂದು ಎಲೆಯನ್ನು ಎರಡೂ ಕೈಯಿಂದ ಎತ್ತಿದಳು. ಬೀಡಿ ಕಟ್ಟು ಉರುಳಿ ಕೆಳಗೆ ಬಿತ್ತು.

"ಅದಲ್ಲ ಟೀಚರಮ್ಮ" ಎಂದಳು ವಾಣಿಶ್ರೀ. "ಅದು ನಿಮ್ ಮಾವಂದು. ಗೋಡೆ ಮಗ್ಗುಲಲ್ಲಿರೋದು."

ಟೀಚರಮ್ಮನ ತಪ್ಪನ್ನು ಅವಳು ತಿದ್ದಿದ್ದು ಜೀವಮಾನದಲ್ಲಿ ಅದೇ ಮೊದಲು. ಸುನಂದಮ್ಮ ಆ ಎಲೆಯನ್ನು ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟಳು. ಸಾರು ಸೀರೆಯ ಮೇಲೆಲ್ಲ ಹರಿಯಿತು.

ಮಾರನೆಯ ದಿನವೇ ಪುಟ್ಟಸ್ವಾಮಿ ಬ್ಯಾರನ್ನಿನ ಬೆಂಕಿಯನ್ನು ಯಾರ ಕೈಗೋ ಒಪ್ಪಿಸಿ ಹೆಂಡತಿಯನ್ನು ಮೈಸೂರಿಗೆ ಕರೆದುಕೊಂಡು ಹೋದ. ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಯಂತ್ರಕ್ಕೆ ಗಲ್ಲ ಒರಗಿಸಿ ನೋಡಿದರು, ಚುಕ್ಕೆ ಬೆಳಕು ತೋರಿಸಿ ಬಟನ್ ಒತ್ತಿಸಿದರು. ಸುನಂದಮ್ಮ ಕಾಯುತ್ತ ಕೂತಳು, ಚುಕ್ಕೆಗಳು ಎಲ್ಲೋ ಬಂದು ಎಲ್ಲೋ ಹೋದವು. ಪೊರೆಯಲ್ಲ, ಗ್ಲಾಕೋಮಾ ಎಂದರು ಡಾಕ್ಟರಮ್ಮ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸಾಯುತ್ತ ಬಂದಿದೆ. ಹೋಗಿರುವ ದೃಷ್ಟಿ ಯಾವ ಆಪರೇಷನ್ನಿಗೂ ಮರಳಿ ಬರುವುದಿಲ್ಲ. ಉಳಿದಿರುವುದು ತುಂಬ ಕಡಿಮೆ, ಹನಿ ಔಷಧ ಬಿಟ್ಟುಕೊಂಡು ಅದನ್ನಾದರೂ ಕಾಪಾಡಿಕೊಳ್ಳಲು ನೋಡಬೇಕು, ಉಳಿಯುತ್ತದೆ ಅಂತ ಭರವಸೆ ಕೊಡಲಾರೆ.

"ವರ್ಷದ ಮೊದಲಲ್ಲಿ ಬಂದಿದ್ರೆ ಸುಮಾರು ಉಳಿಸ್ಕೋಬಹುದಿತ್ತು" ಎಂದರು. "ಎಡವೋದು, ತಡವರಿಸೋದು ಎಲ್ಲ ಇದ್ದೇ ಇರುತ್ತೆ. ಮನೇಲಿ, ಜೊತೇಲಿ ಕೆಲಸ ಮಾಡೋರು, ಯಾರೂ ಗಮನಿಸಲಿಲ್ವಾ?"

ಪುಟ್ಟಸ್ವಾಮಿಯ ತಲೆ ಎದೆಗೆ ಅಂಟಿತು.

"ಯಾರ್ಗೂ ಗೊತ್ತಾಗ್ಲಿಲ್ಲ ಡಾಕ್ಟ್ರಮ್ಮ" ಎಂದಳು ಸುನಂದಮ್ಮ. "ನಾನೇ ಯಾರ್ಗೂ ಗೊತ್ತಾಗದಂಗೆ ಇದ್ದೆ."

ಅಷ್ಟು ದಿನ ಎಲ್ಲರೂ ಅವಳಿಗೆ ಸುಳ್ಳು ಹೇಳಿದ್ದರು. ಅವರ ಸಲುವಾಗಿ ಅವಳೂ ಒಂದು ಹೇಳಿದಳು.

ಊರಿಗೆ ಬಂದ ಮೇಲೆ ಅವಳು ಬ್ಯಾರನ್ನಿನ ಕಡೆ ಹೋಗಲಿಲ್ಲ. ವಾಣಿಶ್ರೀ ದಿನಾ ಬಂದು ಕಣ್ಣಿಗೆ ಹನಿ ಬಿಡುತ್ತಿದ್ದಳು. ಸುನಂದಮ್ಮ ತಲೆ ಹಿಂದಕ್ಕೆ ಮಾಡಿ ಕೂರುವಳು, ಮಾತಾಡುತ್ತಿರಲಿಲ್ಲ. ಒಂದು ದಿನ ಮಾತ್ರ ಹೇಳಿದಳು. "ಕಣ್ಣು ಹೋಯ್ತು ಅಂತ ನಂಗೆ ಸಂಕ್ಟ ಇಲ್ಲ ಅಂದ್ರೆ ಸುಳ್ಳಾಯ್ತದೆ. ಆದ್ರೆ ನಾನು ತಿರುಗಿ ಕೇಳಿದ್ದೆ ಕಣೇ. ನಿಮ್ಗೂ ಕಾಣ್ತಿಲ್ವಾ ಅಂತ ಬಾಯ್ಬಿಟ್ಟು ಕೇಳಿದ್ದೆ." ವಾಣಿಶ್ರೀ ಅವಳ ಮಡಿಲಿಗೆ ತಲೆಯಿಟ್ಟು ಅತ್ತಳು. ಸುನಂದಮ್ಮನ ಕೈ ಆ ತಲೆಯ ಮೇಲೆ ಬರಲು ಬಹಳ ಹೊತ್ತು ಹಿಡಿಯಿತು. ಬಂದಾಗ ಕೈ ತಲೆಯನ್ನು ಸವರಲಿಲ್ಲ, ಸುಮ್ಮನೆ ಇತ್ತು. "ತಪ್ಪು ನಿಮ್ದೇ ಅಂತ ಹೆಂಗನ್ಲಿ? ನಾನು ಅಂದಂಗೆ ಅನ್ನಿ ಅಂತ ಕಲಿಸ್ದೋಳು ನಾನೇ" ಎಂದಳು.

ದೀಪಾವಳಿ ಕಳೆದ ಮೇಲೆ ಉಮಾಶಂಕರ ಬಂದರು. ರಘು ಅವರಿಗೆ ಎಲ್ಲ ಹೇಳಿದ್ದ. ಅವರು ಯಾರಿಗೂ ಬೈಯಲಿಲ್ಲ. ಹುಣಸೆಹಳ್ಳದ ಕ್ಯಾಮೆರಾ ಮತ್ತೆ ಅದೇ ಜಾಗಕ್ಕೆ ಕಟ್ಟಿಸುತ್ತೇವೆ ಎಂದರು. ಖಾಲಿ ಅಂತ ಎಸೆದ ಫೋಟೋಗಳು ಇನ್ನೂ ಹಾಗೇ ಇವೆ, ಅವನ್ನೆಲ್ಲ ಮೊದಲಿನಿಂದ ನೋಡಬೇಕು ಎಂದರು. "ನೀವೂ ಬನ್ನಿ ಅಮ್ಮ" ಎಂದರು. ಅವಳು ಬರುವುದಿಲ್ಲ ಅಂತಲೇ ಎಲ್ಲರೂ ಅಂದುಕೊಂಡರು. ಅವಳು ಎದ್ದು ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು.

ಬ್ಯಾರನ್ನಿನ ಕತ್ತಲೆಗೆ ಬಂದ ಮೇಲೆ ಅವಳಿಗೆ ಕಾಣುತ್ತಿದ್ದದ್ದು ಎದುರಿಗೆ ಒಂದು ಮಸುಕು ಬೆಳಕು, ಅಷ್ಟೇ. ತನ್ನ ಸ್ಟೂಲಿನ ಮೇಲೆ ಕೈ ಕಟ್ಟಿಕೊಂಡು ಕೂತಳು.

"ಇವತ್ತು ನೀವು ಹೇಳಿ. ನಾನು ನಿಮ್ಮ ಹಿಂದೆ ಹೇಳ್ತೀನಿ" ಎಂದಳು.

ರಘು ಮೊದಲ ಫೋಟೋ ತೆರೆದ. "ಕಡವೆ, ಟೀಚರಮ್ಮ. ಎರಡು" ಎಂದ.

"ಕಡವೆ, ಎರಡು" ಎಂದಳು ಅವಳು.

"ಮುಳ್ಳಂದಿ."

"ಮುಳ್ಳುಹಂದಿ."

ಪುನುಗು ಬೆಕ್ಕು ಬಂತು, ಕಾಡುಹಂದಿ ಬಂತು, ಕರಡಿಯೂ ಬಂತು. ಅವಳು ಸತ್ತವು ಅಂತ ಅತ್ತಿದ್ದ ಒಂದೊಂದು ಪ್ರಾಣಿಯೂ ತಪ್ಪದೆ ಹುಣಸೆಹಳ್ಳಕ್ಕೆ ಬಂದು ನೀರು ಕುಡಿದು ಹೋಗಿತ್ತು. ಅವಳು ಒಂದೊಂದರ ಹೆಸರನ್ನೂ ಮೆಲ್ಲಗೆ, ಪೂರ್ತಿಯಾಗಿ, ಒಳ್ಳೆಯ ಮಗುವಿನ ಹಾಗೆ ಒಪ್ಪಿಸುತ್ತ ಹೋದಳು.

"ಡೊಂಕಿ" ಎಂದಳು ವಾಣಿಶ್ರೀ. "ಮರಿ ಜೊತೆಗದೆ ಟೀಚರಮ್ಮ. ಹಿಂಗೆ, ಇಲ್ಲಿ." ಅವಳು ಸುನಂದಮ್ಮನ ಬೆರಳು ಹಿಡಿದು ಪರದೆಯ ಮೇಲೆ ಇಟ್ಟಳು. "ಇದು ಬಾಲ. ಇಲ್ಲಿ ಡೊಂಕು. ಇದು ಮರಿ ತಲೆ."

ಬೆರಳಿಗೆ ಸಿಕ್ಕಿದ್ದು ಬೆಚ್ಚಗಿನ ಗಾಜು. ಸುನಂದಮ್ಮ ಅದನ್ನೇ ಸವರಿದಳು, ಬಾಲವಿರುವ ಕಡೆಯಿಂದ ಮರಿಯಿರುವ ಕಡೆಗೆ, ಮತ್ತೆ ಅಲ್ಲಿಂದ ಇಲ್ಲಿಗೆ. "ಡೊಂಕಿ. ಮರಿ" ಎಂದಳು. ಮುಂದಿನದು ಹಾಕು ಎಂದು ಕೈ ಮಾಡಿದಳು.

ರಘು ಮುಂದಿನ ಫೋಟೋ ತೆರೆದ. ಹುಲ್ಲು, ಕಲ್ಲು, ನೀರು. ಇಬ್ಬರೂ ಹುಡುಕಿದರು, ಮೂಲೆ ಮೂಲೆಯನ್ನೂ ಹುಡುಕಿದರು. ಗಾಳಿಗೆ ಎಲೆ ಅಲುಗಿದ್ದಿರಬೇಕು. ಒಂದು ಜಿಂಕೆ ಇದೆ ಎಂದುಬಿಡಲೇ ಎಂದು ರಘುವಿನ ಮನಸ್ಸು ಹೊಯ್ದಾಡಿತು. ವಾಣಿಶ್ರೀ ಅವನ ಕೈ ಒತ್ತಿ ಹಿಡಿದಳು.

"ಏನೂ ಇಲ್ಲ ಟೀಚರಮ್ಮ" ಎಂದಳು.

ಸುನಂದಮ್ಮ ಮುಂದಕ್ಕೆ ಬಗ್ಗಿದಳು. ಮೂಗು ಗಾಜಿಗೆ ತಾಗಿತು. ಮೊದಲು ಕಣ್ಣು ಹುಡುಕಿದಳು.

"ನಿಜ್ವಾಗ್ಲೂ?"

"ನಿಜ್ವಾಗ್ಲೂ ಇಲ್ಲ, ನಿಮ್ಮಾಣೆ."

ಅವಳು ಇನ್ನೂ ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡಿದ್ದಳು. ನಿಜವೋ ಸುಳ್ಳೋ ತಿಳಿದುಕೊಳ್ಳುವ ದಾರಿ ಅವಳಿಗೆ ಇನ್ನು ಇರಲಿಲ್ಲ.

"ಏನೂ ಇಲ್ಲ" ಎಂದು ಅವರ ಹಿಂದೆ ಹೇಳಿದಳು.